ಆರನೆಯ ಕಾರ್ಡು

ಆಗಸ್ಟ್ 9
ಹೆಣ್ಣುಮಕ್ಕಳ ಹಾಸ್ಟೆಲ್, ಎರಡನೆಯ ಮಹಡಿ

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ನನಗೆ ಜ್ವರ ಇಲ್ಲ, ಮಂಚ ಕಿಟಕಿಯ ಪಕ್ಕ ಸಿಕ್ಕಿದೆ, ಲಾ ಕಾಲೇಜಿನಲ್ಲಿ ಇನ್ನೂ ಯಾರೂ ನನ್ನನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿಲ್ಲ. ಕೆಟ್ಟ ಸುದ್ದಿ ಏನೆಂದರೆ, ಮೊದಲ ವರ್ಷದವರ ಮೊಬೈಲುಗಳನ್ನೆಲ್ಲ ವಾರ್ಡನ್ ಕಬ್ಬಿಣದ ಬೀರುವಿಗೆ ತುಂಬಿ ಬೀಗ ಹಾಕಿದ್ದಾರೆ. ಭಾನುವಾರ ಮಾತ್ರ ಆಫೀಸಿನ ಫೋನು, ತಲೆಗೆ ಐದು ನಿಮಿಷ. ಹಿಂದೆ ಸಾಲು ನಿಂತವರೆಲ್ಲ ಕಿವಿ ನಿಮಿರಿಸಿಕೊಂಡು ಕೇಳುತ್ತಾರೆ. ಆದ್ದರಿಂದ ಕಾಗದ. ನನ್ನ ಬರವಣಿಗೆ ನೋಡಿ ನಗಬೇಡ. ಏಳನೆಯ ವಯಸ್ಸಿನಿಂದ ಹಾಸ್ಟೆಲ್ಲುಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದ್ದಕ್ಕೆ ದಂಡ ಕಟ್ಟುತ್ತಾ ಬೆಳೆದವಳು ನಾನು. ನಿನಗೆ ಬರೆಯುವಾಗ ಮಾತ್ರ ದಂಡವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಫೋನಿನಲ್ಲಿ "ರಜಾ ಹಾಕಿದೀನಿ ಕಣೇ, ಸುಮ್ನೆ" ಅಂದೆ. ನೀನು! ಸುಮ್ಮನೆ! ಅಪ್ಪ ತೀರಿಕೊಂಡ ವಾರವೇ ಶಿಫ್ಟಿಗೆ ಹೋದವಳು ನೀನು. ಕೈ ಸುಟ್ಟುಕೊಂಡು ಬ್ಯಾಂಡೇಜ್ ಸುತ್ತಿಕೊಂಡೇ ಆಸ್ಪತ್ರೆಗಳ ಬೆಡ್‌ಶೀಟ್ ಇಸ್ತ್ರಿ ಮಾಡಿದವಳು. ನಿನ್ನ ಲಾಂಡ್ರಿಯವರು ರಜಾ ಅನ್ನುವ ಪದವನ್ನು ಕೇಳಿದ್ದಾರೋ ಇಲ್ಲವೋ ಎಂದು ನಾವಿಬ್ಬರೂ ತಮಾಷೆ ಮಾಡುತ್ತಿದ್ದೆವಲ್ಲ.

ಏನೋ ಆಗಿದೆ. ಬಚ್ಚಿಡಬೇಡ. ಬಚ್ಚಿಟ್ಟರೆ ಅದಕ್ಕಿಂತ ಕೆಟ್ಟದ್ದನ್ನು ನಾನೇ ಊಹಿಸಿಕೊಳ್ಳುತ್ತೇನೆ, ಗೊತ್ತಲ್ಲ. ಈಗಾಗಲೇ ಮೂರು ರೋಗ ಊಹಿಸಿ, ಮೂರಕ್ಕೂ ಅತ್ತು ಆಗಿದೆ.

ನಿನ್ನ ಗಾಬರಿಬುರುಕಿ,
ಪುಟ್ಟಿ


ಆಗಸ್ಟ್ 17

ಪುಟ್ಟಿ,

ರೋಗ ಇಲ್ಲ. ಕೆಲಸ ಹೋಗಿದೆ.

ಹೋದ ತಿಂಗಳ ಕೊನೆಯಲ್ಲೇ ಹೋಯಿತು. ನೀನು ಟ್ರಂಕು ಕಟ್ಟುತ್ತಿದ್ದೆ. ಆಗ ಹೇಳಿದ್ದರೆ ನೀನು ಹೋಗುತ್ತಲೇ ಇರಲಿಲ್ಲ. ಅದಕ್ಕೇ ಎಂದಿನಂತೆ ಡಬ್ಬಿ ತಗೊಂಡು ಹೊರಟು, ಪಾರ್ಕಿನಲ್ಲಿ ಕೂತು ಬರುತ್ತಿದ್ದೆ.

ಗುಬ್ಬಿಯ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ. ನಮ್ಮ ರೋಲರಿನ ಕೊನೆಯ ಜಾಗದ ಹುಡುಗಿ. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಬಾಯಿ ತೆರೆದರೆ ಚಿಲಿಪಿಲಿ, ಅದಕ್ಕೇ ಆ ಹೆಸರು. ಆ ಬಿಸಿ ಉರುಳೆಗಳ ಇಸ್ತ್ರಿ ಯಂತ್ರವನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ. ಒಂದು ಕಡೆಯಿಂದ ಮೂವರು ಒದ್ದೆ ಬೆಡ್‌ಶೀಟನ್ನು ಒಳಗೆ ಬಿಡಬೇಕು, ಆ ಕಡೆಯಿಂದ ಒಣಗಿ ಬಿಸಿಯಾಗಿ ಬಂದದ್ದನ್ನು ಮೂವರು ಮಡಿಸಬೇಕು. ಒಳಗೆ ಬಟ್ಟೆ ಇದ್ದಾಗ ರೋಲರ್ ನಿಂತರೆ ಕಂದು ಗೆರೆ ಬೀಳುತ್ತದೆ. ಮಧ್ಯಾಹ್ನದ ಶಿಫ್ಟಿನಲ್ಲಿ ನಾವು ಆರು ಜನ.

ಅವತ್ತು ಗುಬ್ಬಿ ಮೂರು ಗಂಟೆಗೇ ಹೋದಳು. ಶಿಫ್ಟು ಮುಗಿದಾಗ ಗೇಟಿನ ಹತ್ತಿರ ಇರುವ ಹಾಜರಿ ಗಡಿಯಾರದಲ್ಲಿ ಅವಳ ಕಾರ್ಡು ನಾನು ಒತ್ತಿದೆ. ಅದು ಕ್ಯಾಮೆರಾದಲ್ಲಿ ಬಿತ್ತು.

ಮರುದಿನ ಮ್ಯಾನೇಜರ್ ಕರೆಸಿದರು. ಕೂತ್ಕೊಳ್ಳಿ ಅನ್ನಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಇದು ನೀವೇ ತಾನೆ?"

"ಹೌದು ಸಾರ್, ನಾನೇ."

"ಕೈಯಲ್ಲಿರೋದು ಆ ಹುಡುಗಿ ಕಾರ್ಡು ತಾನೆ?"

"ಹೌದು ಸಾರ್."

"ಆಯ್ತು ಬಿಡಿ."

ಡ್ರಾಯರ್ ಎಳೆದು ಕವರು ಕೊಟ್ಟರು. ಕಾಗದ ಆಗಲೇ ಟೈಪಾಗಿತ್ತು, ಸಹಿಯೂ ಬಿದ್ದಿತ್ತು. "ಸಾರ್, ಒಂದ್ಮಾತು" ಅಂದೆ. "ಇನ್ನೇನಮ್ಮಾ ಮಾತು, ವಿಡಿಯೋನೇ ಮಾತಾಡ್ತಿದೆಯಲ್ಲ" ಅಂದರು. ಗೇಟಿನಲ್ಲಿ ವಾಚ್‌ಮನ್ ಏಪ್ರನ್ನು, ಕುತ್ತಿಗೆಯ ಬ್ಯಾಡ್ಜು ಕೇಳಿದ. ದಾರ ಕೂದಲಿಗೆ ಸಿಕ್ಕಿಕೊಂಡಿತು. ಅವನೇ ಬಿಡಿಸಿದ, ಪಾಪ, ನನ್ನ ಮುಖ ನೋಡದೆ.

ಗುಬ್ಬಿ ತಪ್ಪಾಯಿತೆಂದು ಬರೆದುಕೊಟ್ಟಳಂತೆ. ಅವಳ ಕೆಲಸ ಉಳಿದಿದೆ.

ನೀನು ಫೀಸಿನ ಚಿಂತೆ ಹಚ್ಚಿಕೊಳ್ಳಬೇಡ. ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ಆಗಸ್ಟ್ 25

ಅಮ್ಮಾ,

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ಅಳು ಬಂತು. ಪಾರ್ಕಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತ ನಿನ್ನನ್ನು ನೆನೆದು ಎರಡನೆಯ ಸಲವೂ ಬಂತು. ಮೂರನೆಯ ಸಲ ಓದುವಾಗ ಎದ್ದು ಕೂತೆ. ಕಾಗದ ಆಗಲೇ ಟೈಪಾಗಿತ್ತು! ಅಮ್ಮಾ, ನೀನು ಬರೆದದ್ದರಲ್ಲಿ ಇದೊಂದೇ ವಾಕ್ಯ ಸಾಕು.

ಹೋದ ವಾರವೇ ನಮಗೆ ಇದೇ ಪಾಠ ಆಯಿತು. ಒಬ್ಬರನ್ನು ಕೆಲಸದಿಂದ ತೆಗೆಯಬೇಕಾದರೆ ಅದಕ್ಕೊಂದು ಕ್ರಮ ಇದೆ. ಆರೋಪ ಏನೆಂದು ಬರೆದು ಕೊಡಬೇಕು. ಯೋಚಿಸಲು ಸಮಯ ಕೊಡಬೇಕು. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಲು ಬಿಡಬೇಕು. ಅವರ ಮಾತು ಕೇಳಬೇಕು. ಆಮೇಲೆ, ಆಮೇಲಷ್ಟೇ, ತೀರ್ಮಾನ. ನಮ್ಮ ಪ್ರೊಫೆಸರ್ ಮೇಜು ಕುಟ್ಟಿ ಹೇಳಿದರು, "ಶಿಕ್ಷೆ ಮೊದ್ಲು ಬರೆದಿಟ್ಟು ಪ್ರಶ್ನೆ ಆಮೇಲೆ ಕೇಳಿದ್ರೆ ಅದು ವಿಚಾರಣೆ ಅಲ್ಲ ಕಣ್ರಪ್ಪಾ, ನಾಟಕ." ನಿನಗೆ ನಾಟಕವನ್ನೂ ಆಡಿ ತೋರಿಸಲಿಲ್ಲ.

ನೀನು ಯೂನಿಯನ್ ಆಫೀಸಿಗೆ ಹೋಗು. ನಾಳೆಯೇ ಹೋಗು. ನಾಳಿದ್ದು ಅಂತ ಮುಂದೂಡಬೇಡ.

ಇನ್ನೊಂದು ಮಾತು. ಅವಳ ಕಾರ್ಡು ಯಾಕೆ ಒತ್ತಿದೆ ಎಂದು ನಾನು ನಿನ್ನನ್ನು ಕೇಳುವುದಿಲ್ಲ. ನಿಜವಾಗಿ ಕೇಳುವುದಿಲ್ಲ, ನಾಚಿಕೊಳ್ಳಬೇಡ. ಅದು ಇಲ್ಲಿ ಬೇಕಾಗಿಯೇ ಇಲ್ಲ! ಈ ಕೇಸಿನ ಸೊಗಸೇ ಅದು. ನೀನು ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಪ್ರಶ್ನೆಯಲ್ಲ. ಅವರು ನಿನ್ನನ್ನು ಕೇಳಿದರೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಮೊದಲ ಸಲ ನಾನು ಓದಿದ್ದು ಯಾವುದಕ್ಕೋ ಉಪಯೋಗಕ್ಕೆ ಬರುತ್ತಿದೆ.

ನಿನ್ನ ವಕೀಲಮ್ಮ
(ಆಗೋದಕ್ಕೆ ಇನ್ನೂ ಬಹಳ ವರ್ಷ ಇದೆ)


ಸೆಪ್ಟೆಂಬರ್ 14

ಪುಟ್ಟಿ,

ಹೋಗಿದ್ದೆ. ಯೂನಿಯನ್ ಸೆಕ್ರೆಟರಿ ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡಿದ್ದರು, ಬರೆಯುವುದಕ್ಕೆ ನನ್ನ ಪೆನ್ನು ಕೇಳಿದರು. ಮನುಷ್ಯ ಒಳ್ಳೆಯವರೇ. ಕಾಗದ ಮೊದಲೇ ಟೈಪಾಗಿತ್ತು ಅಂದ ತಕ್ಷಣ ನಿನ್ನ ಹಾಗೆಯೇ ಕುರ್ಚಿಯಿಂದ ಅರ್ಧ ಎದ್ದರು.

"ಅಕ್ಕಾ, ಇದು ಬಂಗಾರದಂಥ ಕೇಸು. ಹಾಳು ಮಾಡ್ಕೋಬೇಡಿ."

"ನಾನೇನ್ ಹಾಳು ಮಾಡ್ತೀನಿ?"

"ಬಾಯಿ ಬಿಟ್ರೆ ಹಾಳಾಗುತ್ತೆ. ಕಾರ್ಡು ಯಾಕೆ, ಹೇಗೆ, ಅದೆಲ್ಲ ಬೇಡ. ನನಗೂ ಹೇಳ್ಬೇಡಿ. ನನ್ನನ್ನ ಕೇಳ್ಲಿಲ್ಲ, ಅಷ್ಟೇ ನಿಮ್ಮ ಮಾತು. ಏನು?"

"ನನ್ನನ್ನ ಕೇಳ್ಲಿಲ್ಲ."

"ಹಾಂ! ಅಷ್ಟೇ."

ನೀನೂ ಕೇಳುವುದಿಲ್ಲ ಅಂದೆ, ಅವರೂ ಹೇಳಬೇಡಿ ಅಂದರು. ಸರಿ.

ಬರುವಾಗ ಬಸ್ ಸ್ಟಾಪಿನಲ್ಲಿ ನಮ್ಮ ಶಿಫ್ಟಿನವರು ಸಿಕ್ಕರು. ನೋಡಿಯೂ ನೋಡದ ಹಾಗೆ ನಿಂತಿದ್ದರು. ಕೊನೆಗೆ ದೊಡ್ಡಕ್ಕ ಹತ್ತಿರ ಬಂದಳು. ನನ್ನ ಎದುರಿನ ಜಾಗದಲ್ಲಿ ಮಡಿಸುತ್ತಿದ್ದವಳು ಅವಳು, ನಮ್ಮೆಲ್ಲರಿಗಿಂತ ಹಿರಿಯಳು. ಚೆನ್ನಾಗಿದೀಯಾ ಅಂತ ಕೇಳಲಿಲ್ಲ.

"ಕೇಸು ಹಾಕ್ತೀಯಂತೆ?"

"ಹೂಂ ಅಕ್ಕ."

"ನಮ್ಮ ವಿಷ್ಯ ಏನೂ ಬರಲ್ಲ ತಾನೆ?"

"ಬರಲ್ಲ."

"ನನ್ನ ಗಂಡನಿಗೆ ಮಂಚದಿಂದ ಏಳಕ್ಕಾಗಲ್ಲ. ನಿಂಗೊತ್ತಲ್ಲ."

"ಗೊತ್ತಕ್ಕ. ಬರಲ್ಲ ಅಂದ್ನಲ್ಲ."

ಅವಳು ನನ್ನ ಮುಂಗೈ ಒಮ್ಮೆ ಒತ್ತಿ ಬಸ್ಸು ಹತ್ತಿದಳು. ಅದು ನನ್ನ ಬಸ್ಸೂ ಹೌದು. ಆದರೂ ನಾನು ಮುಂದಿನದಕ್ಕೆ ನಿಂತೆ.

ಮುಂದೆ ಚಳಿ ಬರುತ್ತದೆ. ರಗ್ಗು ಪೋಸ್ಟಿನಲ್ಲಿ ಕಳಿಸುತ್ತೇನೆ.

ಅಮ್ಮ


ಅಕ್ಟೋಬರ್ 20

ಅಮ್ಮಾ,

ರಗ್ಗು ಬಂತು. ಅದರ ಮಡಿಕೆ ಬಿಚ್ಚಲು ಮನಸ್ಸಾಗದೆ ಎರಡು ರಾತ್ರಿ ಹಾಗೆಯೇ ಕಾಲ ಬಳಿ ಇಟ್ಟುಕೊಂಡು ಮಲಗಿದೆ. ನಿನ್ನ ಶಿಫ್ಟಿನವರು ಮುಖ ತಿರುಗಿಸಿದ್ದು ಕೇಳಿ ಸಿಟ್ಟು ಬಂತು. ತಮ್ಮ ಹೆಸರು ಎಲ್ಲಿ ಕೆಡುತ್ತದೋ ಅಂತ ಅವರಿಗೆ! ಬಿಡು, ಅಂಥವರ ಹಂಗು ಬೇಡ.

ಒಂದು ಸುದ್ದಿ ಹೇಳಬೇಕು. ಹೇಳಲೋ ಬೇಡವೋ ಎಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

ಕ್ಲಾಸಿನಲ್ಲಿ ಅಣಕು ಕೋರ್ಟು ಇತ್ತು. ಕಟ್ಟುಕಥೆಯ ಕೇಸು. ಗೋದಾಮಿನ ಕಾವಲುಗಾರನೊಬ್ಬ ಡ್ಯೂಟಿಯಲ್ಲಿ ನಿದ್ದೆ ಮಾಡಿದ, ಯಾರೋ ಫೋಟೋ ತೆಗೆದರು, ವಿಚಾರಣೆಯಿಲ್ಲದೆ ಅವನನ್ನು ಕೆಲಸದಿಂದ ತೆಗೆದರು. ನಿನ್ನದೇ ಕೇಸು! ನನಗೆ ಒಳಗೊಳಗೇ ಕುಣಿಯುವಂತಾಯಿತು. ಆದರೆ ಯಾರು ಯಾವ ಕಡೆ ಎಂದು ಚೀಟಿ ಎತ್ತಿಸಿದರು, ನನಗೆ ಬಂದದ್ದು ಕಂಪನಿಯ ಕಡೆ.

ಬೇರೆಯವರ ಜೊತೆ ಬದಲಾಯಿಸಿಕೊಳ್ಳುತ್ತೇನೆ ಅಂದೆ. "ವಕೀಲರಿಗೆ ಕಕ್ಷಿಗಾರರನ್ನ ಆರಿಸ್ಕೊಳೋ ಭಾಗ್ಯ ಎಲ್ಲಿರುತ್ತಮ್ಮಾ" ಎಂದು ಪ್ರೊಫೆಸರ್ ನಕ್ಕರು. ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿ ಬಂದು ನಿಂತೆ. ನಿಂತ ಮೇಲೆ ಅದೇನಾಯಿತೋ, ಮಾತು ತಾನಾಗಿ ಬಂತು. ಕಂಪನಿಯವರು ಕ್ರಮ ತಪ್ಪಿದ್ದು ನಿಜ ಎಂದು ಮೊದಲೇ ಒಪ್ಪಿಕೊಂಡುಬಿಟ್ಟೆ. ಎಲ್ಲರೂ ಬೆಚ್ಚಿದರು. ಆಮೇಲೆ ಕೇಳಿದೆ: ಒಂದು ವೇಳೆ ವಿಚಾರಣೆ ನಡೆಸಿದ್ದರೂ ಇವನ ಹತ್ತಿರ ಹೇಳುವುದಕ್ಕೆ ಏನಿತ್ತು? ಫೋಟೋದಲ್ಲಿ ಕಣ್ಣು ಮುಚ್ಚಿದೆ. ಫಲಿತಾಂಶ ಬೇರೆಯಾಗುತ್ತಿರಲಿಲ್ಲ. ಹಾಗಿದ್ದ ಮೇಲೆ ಇವನಿಗೆ ನಷ್ಟವಾದದ್ದು ಏನು? ವಿಚಾರಣೆ ಮುಗಿಯಲು ಎಷ್ಟು ದಿನ ಹಿಡಿಯುತ್ತಿತ್ತೋ ಅಷ್ಟು ದಿನದ ಸಂಬಳ. ಅದಕ್ಕಿಂತ ಹೆಚ್ಚು ಪರಿಹಾರ ಯಾಕೆ?

ಕಾವಲುಗಾರನ ಪರ ನಿಂತ ಹುಡುಗಿ ತಡವರಿಸಿದಳು. ನಾನು ಗೆದ್ದೆ.

ಚಪ್ಪಾಳೆ ಹೊಡೆದರು ಅಮ್ಮಾ. ನನಗಾಗಿ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಖುಷಿಯಾಯಿತು, ಅದನ್ನು ನಿನ್ನ ಹತ್ತಿರ ಹೇಳದೆ ಇರಲಾಗುತ್ತಿಲ್ಲ. ಹೇಳಿದರೆ ನಿನಗೆ ಏನನ್ನಿಸುತ್ತದೋ ಎಂದು ಹೆದರಿಕೆ. ನಿನ್ನ ಕೇಸು ಬೇರೆ, ನಿಜವಾಗಿಯೂ ಬೇರೆ.

ಪುಟ್ಟಿ


ನವೆಂಬರ್ 2

ಪುಟ್ಟಿ,

ಗೆದ್ದದ್ದು ಕೇಳಿ ಸಂತೋಷವಾಯಿತು. ನಾಲ್ಕು ಜನರ ಮುಂದೆ ಹೆಸರು ಹೇಳಲೂ ಹೆದರುತ್ತಿದ್ದವಳು ನೀನು.

ಒಂದು ಕೇಳಬೇಕು ಅನ್ನಿಸಿತು. ಆ ಕಾವಲುಗಾರ ಯಾಕೆ ನಿದ್ದೆ ಮಾಡಿದನಂತೆ?

ನನಗೊಂದು ಕೆಲಸ ಸಿಕ್ಕಿದೆ. ಟೈಲರ್ ಅಂಗಡಿಯಲ್ಲಿ ಇಸ್ತ್ರಿ. ಇನ್ನೆರಡು ಲಾಂಡ್ರಿಗಳಲ್ಲಿ ಕೇಳಿದ್ದೆ. ಇಬ್ಬರೂ ಮೊದಲು ನಾಳೆಯಿಂದಲೇ ಬನ್ನಿ ಅಂದರು, ಹಳೆಯ ಜಾಗಕ್ಕೆ ಫೋನು ಮಾಡಿದ ಮೇಲೆ ಬೇಡ ಅಂದರು. ಟೈಲರಿಗೆ ಫೋನು ಮಾಡುವ ಅಭ್ಯಾಸವಿಲ್ಲ. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆ, ನಾನೊಬ್ಬಳೇ. ದಿನವಿಡೀ ಒಂದು ಮಾತಿಲ್ಲ. ಆರು ಜನರ ಗಲಾಟೆಯಲ್ಲಿ ಇಷ್ಟು ವರ್ಷ ನಿಂತವಳಿಗೆ ಕಿವಿ ಗುಂಯ್‌ಗುಡುತ್ತದೆ.

ಅಮ್ಮ


ಡಿಸೆಂಬರ್ 30

ಅಮ್ಮಾ,

ಕಾವಲುಗಾರ ಯಾಕೆ ನಿದ್ದೆ ಮಾಡಿದ ಎಂದು ನಮಗೆ ಕೊಟ್ಟ ಹಾಳೆಯಲ್ಲಿ ಬರೆದಿರಲಿಲ್ಲ. ಅವನು ನಿಜವಾದ ಮನುಷ್ಯನಲ್ಲ ಅಮ್ಮಾ, ಅಭ್ಯಾಸಕ್ಕೆ ಮಾಡಿದ್ದು. ಇದನ್ನು ಬರೆಯಲು ಇಷ್ಟು ತಡ ಯಾಕೆ ಮಾಡಿದೆನೋ ಗೊತ್ತಿಲ್ಲ.

ನಿನ್ನ ಕೋರ್ಟಿನ ದಿನವೇ ನನಗೆ ಪರೀಕ್ಷೆ. ಪ್ರಿನ್ಸಿಪಾಲರ ಬಳಿ ಹೋಗಿ ಬೇಡಿಕೊಂಡೆ, ಒಪ್ಪಲಿಲ್ಲ. ನನಗೆ ಬರಲಾಗುವುದಿಲ್ಲ.

ನೀಲಿ ಸೀರೆ ಉಡು. ನೀರು ಕುಡಿದು ಹೋಗು. ಕೇಳಿದ್ದಕ್ಕೆ ಮಾತ್ರ ಉತ್ತರ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಸೆಕ್ರೆಟರಿ ಹೇಳಿದ ಹಾಗೆ ಕೇಳು. ನಾವು ಗೆಲ್ಲುತ್ತೇವೆ, ನಿನ್ನನ್ನು ಮತ್ತೆ ರೋಲರಿನ ಮುಂದೆ ನಿಲ್ಲಿಸುತ್ತೇವೆ.

ಪುಟ್ಟಿ


ಜನವರಿ 19

ಪುಟ್ಟಿ,

ಮುಗಿಯಿತು. ತೀರ್ಪು ಆಮೇಲೆ ಬರುತ್ತದಂತೆ. ಪರೀಕ್ಷೆ ಹೇಗಾಯಿತು?

ಕೋರ್ಟು ಅಂದರೆ ಏನೇನೋ ಅಂದುಕೊಂಡಿದ್ದೆ. ಹಳೆಯ ಶಾಲೆಯ ಕೋಣೆಯ ಹಾಗಿತ್ತು, ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ನ್ಯಾಯಾಧೀಶರು ಹೆಂಗಸು. ನನ್ನ ವಯಸ್ಸಿನವರು, ಸ್ವಲ್ಪ ಕೆಮ್ಮು ಇತ್ತು. ಸೆಕ್ರೆಟರಿ ಚೆನ್ನಾಗಿ ಮಾತಾಡಿದರು. ಟೈಪಾದ ಕಾಗದದ ವಿಷಯ ಬಂದಾಗ ಮ್ಯಾನೇಜರ್ ಬೆವರು ಒರೆಸಿಕೊಂಡರು. ನೀನಿದ್ದಿದ್ದರೆ ನೋಡಿ ಖುಷಿಪಡುತ್ತಿದ್ದೆ.

ಕಂಪನಿಯವರು ಗುಬ್ಬಿಯನ್ನು ಕರೆತಂದಿದ್ದರು. ಬಹಳ ಸೊರಗಿದ್ದಾಳೆ, ರವಿಕೆ ಭುಜದಿಂದ ಜಾರುತ್ತಿತ್ತು. ಅವರ ವಕೀಲರು ಕೇಳಿದರು, "ಕಾರ್ಡ್ ಒತ್ತಿ ಅಂತ ನೀವು ಹೇಳಿದ್ರಾ?" ಅವಳು ನೆಲ ನೋಡುತ್ತಾ, "ಇಲ್ಲ, ಅವ್ರೇ ಒತ್ತಿದ್ರು" ಅಂದಳು. ಅದು ಸುಳ್ಳಲ್ಲ. ಆಮೇಲೆ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಚಿಲಿಪಿಲಿ ಎಲ್ಲ ಎಲ್ಲಿ ಹೋಯಿತೋ.

ಕೊನೆಯಲ್ಲಿ ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಕಾರ್ಡ್ ಒತ್ತೋದಕ್ಕೆ ನಿಮಗೆ ಯಾರಾದ್ರೂ ಅನುಮತಿ ಕೊಟ್ಟಿದ್ರಾ? ಈ ವಿಷಯದಲ್ಲಿ ನೀವೇನಾದ್ರೂ ಹೇಳ್ಬೇಕಾ? ಹೆದರ್ಕೋಬೇಡಿ. ಹೇಳೋದಿದ್ರೆ ಹೇಳಿ, ನಾನು ಕೇಳ್ತೀನಿ."

ಇಷ್ಟು ತಿಂಗಳಲ್ಲಿ ಆ ಮಾತು ಅಂದದ್ದು ಅವರೊಬ್ಬರೇ. ಸೆಕ್ರೆಟರಿ ಕಣ್ಣಲ್ಲೇ ಬೇಡ ಅಂದರು. ಗುಬ್ಬಿಯ ಹಿಂದಿನ ಬೆಂಚಿನಲ್ಲಿ ದೊಡ್ಡಕ್ಕ ಕೂತಿದ್ದಳು. ಯಾವಾಗ ಬಂದಿದ್ದಳೋ, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಇಲ್ಲ ಅಂದೆ.

ಹೊರಗೆ ಬಂದ ಮೇಲೆ ಸೆಕ್ರೆಟರಿ, "ಸೂಪರ್ ಅಕ್ಕಾ" ಅಂದರು.

ಅಮ್ಮ


ಮಾರ್ಚ್ 28

ಅಮ್ಮಾ,

ಸೆಕ್ರೆಟರಿ ಕಳಿಸಿದ ತೀರ್ಪಿನ ಪ್ರತಿ ನಿನ್ನೆ ಬಂತು. ನಾವು ಗೆದ್ದೆವು ಎಂದು ಮೊದಲ ಪುಟದಲ್ಲಿದೆ. ವಿಚಾರಣೆಯಿಲ್ಲದೆ ತೆಗೆದುಹಾಕಿದ್ದು ಅನ್ಯಾಯ ಎಂದು ಅವರು ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ನಾನು ಕಾರಿಡಾರಿನಲ್ಲಿ ಓಡಿದೆ. ವಾರ್ಡನ್ ಬೈದರು.

ಎರಡನೆಯ ಪುಟವನ್ನು ಮೆಟ್ಟಿಲ ಮೇಲೆ ಓದಿದೆ.

ನೀನೂ ಓದಿರುತ್ತೀಯ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಆ ಸಾಲು ನನ್ನ ತಲೆಯಿಂದ ಹೋಗುವುದಿಲ್ಲ. "ಅರ್ಜಿದಾರರು ಕಾರ್ಡು ಒತ್ತಿದ್ದನ್ನು ಒಪ್ಪಿದ್ದಾರೆ. ಈ ನ್ಯಾಯಾಲಯವು ಕೇಳಿದಾಗಲೂ ಯಾವುದೇ ವಿವರಣೆ ನೀಡಿಲ್ಲ. ಆದ್ದರಿಂದ ಸರಿಯಾದ ವಿಚಾರಣೆ ನಡೆಸಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ." ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಪರಿಹಾರ, ವಿಚಾರಣೆಗೆ ಹಿಡಿಯಬಹುದಾಗಿದ್ದ ಅವಧಿಯ ಸಂಬಳ. ಎರಡು ವಾರ.

ಫಲಿತಾಂಶ ಬೇರೆಯಾಗುತ್ತಿರಲಿಲ್ಲ. ಈ ವಾಕ್ಯ ನನ್ನದು ಅಮ್ಮಾ. ಇದನ್ನು ಹೇಳಿ ನಾನು ಚಪ್ಪಾಳೆ ಹೊಡೆಸಿಕೊಂಡಿದ್ದೆ. ಕಂಪನಿಯ ವಕೀಲರಿಗೆ ನಾನು ಹೇಳಿಕೊಟ್ಟಿಲ್ಲ, ಅದು ಪುಸ್ತಕದಲ್ಲೇ ಇದೆ, ಗೊತ್ತು. ಆದರೂ ಊಟದ ಕೋಣೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತರೆ ಆ ಚಪ್ಪಾಳೆ ಕೇಳಿಸುತ್ತದೆ.

ನನಗೆ ಈ ಓದು ಬೇಡ. ಸೀಟು ಬಿಟ್ಟು ಬರುತ್ತೇನೆ. ನಿನ್ನ ಜೊತೆ ಇಸ್ತ್ರಿಗೆ ನಿಲ್ಲುತ್ತೇನೆ.

ರಾತ್ರಿಯೆಲ್ಲ ನಿನ್ನ ಕಾಗದಗಳನ್ನು ಮೊದಲಿನಿಂದ ಓದಿದೆ. ನಮ್ಮ ವಿಷ್ಯ ಏನೂ ಬರಲ್ಲ ತಾನೆ ಎಂದು ದೊಡ್ಡಕ್ಕ ಕೇಳಿದ್ದು, ಕೋರ್ಟಿನಲ್ಲಿ ಅವಳು ಬಾಯಿಗೆ ಸೆರಗು ಒತ್ತಿಕೊಂಡದ್ದು. ನಾನು ಇದನ್ನೆಲ್ಲ ಓದಿರಲಿಲ್ಲವೇ? ಓದಿದ್ದೆ. ಮ್ಯಾನೇಜರ್ ಕೇಳಲಿಲ್ಲ, ಸೆಕ್ರೆಟರಿ ಹೇಳಬೇಡಿ ಅಂದರು, ನಾನಂತೂ ಕೇಳುವುದಿಲ್ಲ ಎಂದು ದೊಡ್ಡದಾಗಿ ಬರೆದು ಕಳಿಸಿದೆ.

ಈಗ ಕೇಳುತ್ತಿದ್ದೇನೆ. ಇದರಿಂದ ಏನೂ ಆಗುವುದಿಲ್ಲ, ಮೇಲ್ಮನವಿಗೂ ಅಲ್ಲ. ಅವತ್ತು ಕೇಳಿದ್ದರೆ ಏನು ಹೇಳುತ್ತಿದ್ದೆ?

ಪುಟ್ಟಿ


ಏಪ್ರಿಲ್ 11

ಪುಟ್ಟಿ,

ಮೊದಲು ನಿನ್ನ ಓದಿನ ವಿಷಯ. ಸೀಟು ಬಿಡಬೇಡ. ಇಲ್ಲಿ ಇಸ್ತ್ರಿಗೆ ನಿಲ್ಲುವುದಕ್ಕೆ ಇಬ್ಬರಿಗೆ ಜಾಗವೂ ಇಲ್ಲ, ಟೈಲರಿಗೆ ಅಷ್ಟು ಬಟ್ಟೆಯೂ ಬರುವುದಿಲ್ಲ. ನೀನು ಇಸ್ತ್ರಿ ಮಾಡಿದ ಸ್ಕೂಲ್ ಯೂನಿಫಾರ್ಮ್ ನಾನು ನೋಡಿದ್ದೇನೆ. ಆ ಎರಡು ವಾರದ ದುಡ್ಡು ಬಂತು, ನಿನ್ನ ಪರೀಕ್ಷೆಯ ಶುಲ್ಕ ಕಟ್ಟಿದೆ.

ಈಗ ನೀನು ಕೇಳಿದ್ದು. ಎರಡು ಸಲ ಬರೆದು ಹರಿದೆ. ಮಾತಿನಲ್ಲಾದರೆ ಚಿಕ್ಕದು, ಬರೆಯುವುದಕ್ಕೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

ನಮ್ಮ ಗಡಿಯಾರ ಗೇಟಿನಲ್ಲಿತ್ತು. ರೋಲರ್ ಇರುವುದು ಕಟ್ಟಡದ ಹಿಂತುದಿಯಲ್ಲಿ. ನಡುವೆ ಒಗೆಯುವ ಕೋಣೆ, ಅಂಗಳ, ಲಾರಿ ನಿಲ್ಲುವ ಜಾಗ. ಮೊದಮೊದಲು ಶಿಫ್ಟು ಮುಗಿಯುವ ಮುಂಚೆ ರೋಲರ್ ಖಾಲಿ ಮಾಡಿ ನಿಲ್ಲಿಸಿ, ಆರೂ ಜನ ಓಡಿಹೋಗಿ ಒತ್ತುತ್ತಿದ್ದೆವು. ಮುಂದಿನ ಶಿಫ್ಟಿನವರು ಬಂದು ಮತ್ತೆ ಬಿಸಿ ಮಾಡಬೇಕು. ಬಟ್ಟೆ ರಾಶಿ ಬೀಳುತ್ತಿತ್ತು. ಆಗಿನ ಮೇಸ್ತ್ರಿ ಒಂದು ದಿನ ರೇಗಿದರು, "ಆರು ಜನ ಯಾಕ್ರೇ ಓಡ್ತೀರಿ? ಒಬ್ಬಳು ಹೋಗಿ ಎಲ್ಲಾರದ್ದೂ ಒತ್ಕೊಂಡು ಬನ್ನಿ. ರೋಲರ್ ನಿಲ್ಲಬಾರ್ದು ನಂಗೆ." ಅವತ್ತಿನಿಂದ ಸರದಿ. ದಿನಕ್ಕೊಬ್ಬಳು ಆರು ಕಾರ್ಡು ಹಿಡಿದು ಹೋಗುವುದು, ಉಳಿದವರು ಅವಳ ಜಾಗ ತುಂಬುವುದು. ಬಾಯಿಮಾತಿನಲ್ಲಿ ಆದದ್ದು. ಮೇಸ್ತ್ರಿ ಹೋದ ವರ್ಷ ತೀರಿಕೊಂಡರು. ಅವರಿಗೆ ನಾವೆಲ್ಲ ಸೇರಿ ಹೂವು ಹಾಕಿ ಬಂದೆವು.

ಅವತ್ತು ನನ್ನ ಸರದಿ.

ಗುಬ್ಬಿಗೆ ಆಗ ಮೂರು ತಿಂಗಳು. ಗೊತ್ತಾದರೆ ಕೆಲಸದಿಂದ ಬಿಡಿಸುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ, ನಮಗೆ ಐವರಿಗೆ ಬಿಟ್ಟು. ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಕೂತಳು. ರಕ್ತ ಕಾಣಿಸಿತು. "ಹೋಗೇ ಡಾಕ್ಟರ್ ಹತ್ರ, ನಾವ್ ನೋಡ್ಕೋತೀವಿ" ಎಂದು ದೊಡ್ಡಕ್ಕ ಅವಳನ್ನು ಎಬ್ಬಿಸಿ ಕಳಿಸಿದಳು. ಉಳಿದ ಐವರು ಆರು ಜನರ ಕೆಲಸ ಮಾಡಿದೆವು. ಒಂದು ಬೆಡ್‌ಶೀಟೂ ಕಡಿಮೆಯಾಗಲಿಲ್ಲ.

ಗೇಟಿಗೆ ಹೋದೆ. ಐದು ಕಾರ್ಡು ಒತ್ತಿದೆ. ಆರನೆಯದನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ನಿಂತದ್ದು ನಿಜ ಪುಟ್ಟಿ, ಯೋಚಿಸಲೇ ಇಲ್ಲ ಎಂದು ನಿನಗೂ ಸುಳ್ಳು ಹೇಳುವುದಿಲ್ಲ. ಅವಳು ಒಳಗಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಒತ್ತಿದೆ.

ಮ್ಯಾನೇಜರ್ ನನಗೆ ತೋರಿಸಿದ್ದು ಕೊನೆಯದೊಂದನ್ನೇ. ಅದಕ್ಕೆ ಮೊದಲಿನ ಐದನ್ನು ಅವರು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಪೂರ್ತಿ ವಿಡಿಯೋ ತೋರಿಸಿ ಎಂದು ಸೆಕ್ರೆಟರಿಯ ಕೈಲಿ ಕೇಳಿಸಬಹುದಿತ್ತು. ತೋರಿಸಿದ್ದರೆ ಇದು ನನ್ನೊಬ್ಬಳ ಕಳ್ಳತನ ಅಲ್ಲ, ಎಲ್ಲರ ಪದ್ಧತಿ ಎಂದು ಗೊತ್ತಾಗುತ್ತಿತ್ತು. ನಾನು ಉಳಿಯುತ್ತಿದ್ದೆನೋ ಏನೋ. ಇಲ್ಲದಿದ್ದರೆ ಆರೂ ಜನ ಹೋಗುತ್ತಿದ್ದೆವು. ಯಾವುದಾಗುತ್ತದೆ ಎಂದು ಹೇಳುವವರು ಯಾರಿದ್ದರು? ದೊಡ್ಡಕ್ಕನಿಗೆ ಮಾತು ಕೊಟ್ಟಾಗಿತ್ತು. ಕೊಟ್ಟಿರದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ. ಒಂದೊಂದು ದಿನ ಹೇಳಬೇಕಿತ್ತು ಅನ್ನಿಸಿ ಇಸ್ತ್ರಿ ಪೆಟ್ಟಿಗೆ ಕುಕ್ಕುತ್ತೇನೆ. ಟೈಲರ್ ಪರದೆ ಸರಿಸಿ ನೋಡುತ್ತಾನೆ.

ಗುಬ್ಬಿಯನ್ನು ಬೈಯಬೇಡ. ಜನವರಿಗೆ ಅವಳಿಗೆ ದಿನ ತುಂಬುತ್ತಾ ಬಂದಿರಬೇಕಿತ್ತು. ಅವಳ ರವಿಕೆ ಭುಜದಿಂದ ಜಾರುತ್ತಿತ್ತು ಎಂದು ಬರೆದಿದ್ದೆನಲ್ಲ. ನಾನೂ ಅವಳನ್ನು ಏನೂ ಕೇಳಲಿಲ್ಲ.

ಹೋದ ಭಾನುವಾರ ದೊಡ್ಡಕ್ಕ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಅತ್ತಳು. ಒಳಗೆ ಕರೆದೆ, ಚಹಾ ಕೊಟ್ಟೆ. ಹೊರಡುವಾಗ, ಹೇಳಲೋ ಬೇಡವೋ ಅನ್ನುವ ಹಾಗೆ ಹೇಳಿದಳು. ತೀರ್ಪು ಬಂದ ಮೇಲೆ ಮ್ಯಾನೇಜರ್ ಎಲೆಕ್ಟ್ರಿಷಿಯನ್ನನ್ನು ಕರೆಸಿದರಂತೆ. ಗೇಟಿನಲ್ಲಿದ್ದ ಗಡಿಯಾರವನ್ನು ಕಿತ್ತು ತಂದು ರೋಲರಿನ ಪಕ್ಕದ ಕಂಬಕ್ಕೆ ಹಾಕಿಸಿದ್ದಾರಂತೆ. ಅರ್ಧ ದಿನದ ಕೆಲಸವಂತೆ. ಈಗ ನಿಂತ ಜಾಗದಿಂದಲೇ ಕೈ ಚಾಚಿದರೆ ಸಿಗುತ್ತದಂತೆ.

ಆ ನ್ಯಾಯಾಧೀಶರು ಕನ್ನಡಕ ತೆಗೆದು, ಹೇಳಿ, ನಾನು ಕೇಳ್ತೀನಿ ಅಂದಾಗ ನನ್ನ ನಾಲಿಗೆಯ ಮೇಲೆ ಇದ್ದದ್ದು ಇಷ್ಟೇ. ಇದನ್ನು ಆಡಿದ್ದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತಿತ್ತು, ಅದಕ್ಕೇ ನುಂಗಿದೆ. ಈಗ ನೀನು ಕೇಳಿದ್ದೀಯ, ನಿನಗೆ ಹೇಳುತ್ತೇನೆ.

ಗಡಿಯಾರ ದೂರ ಇತ್ತು.

ಅಮ್ಮ